200 ಲೀಟರ್ ಟ್ಯೂಬ್ ಸೋಲಾರ್ ಹೀಟರ್: ಟ್ಯೂಬ್ ಚೆನ್ನಾಗಿದೆ, ಪೈಪ್ ನೋಡಿಕೊಳ್ಳಿ

ನಾಲ್ಕು ಜನರ ಮನೆ ಎಂದರೆ ಸಾಕು, ಸೋಲಾರ್ ಅಂಗಡಿಯವರು 20 ಗಾಜಿನ ಟ್ಯೂಬುಗಳ 200 ಲೀಟರ್ ಹೀಟರನ್ನೇ ಮುಂದಿಡುತ್ತಾರೆ. ವಸ್ತು ಒಳ್ಳೆಯದೇ. ಮೋಡ ಮುಸುಕಿದ ದಿನವೂ ಅಷ್ಟಿಷ್ಟು ಕಾಯಿಸುತ್ತದೆ; ಬೋರ್ ನೀರಿಗೆ ತಾಮ್ರದ ಪ್ಯಾನೆಲ್‌ಗಿಂತ ಚೆನ್ನಾಗಿ ತಾಳುತ್ತದೆ. ಆದರೂ ಹಾಕಿಸಿ ಆರು ತಿಂಗಳಾಯಿತು, ಬಿಲ್ ಇಳಿದಿಲ್ಲ ಎನ್ನುವ ಮನೆಗಳಲ್ಲಿ ತಪ್ಪು ಟ್ಯೂಬಿನದ್ದಾಗಿರುವುದು ಅಪರೂಪ. ಪೈಪಿನದ್ದೋ, ವಾಲ್ವಿನದ್ದೋ, ಬಿಸಿಲಿಲ್ಲದ ದಿನಕ್ಕೆಂದು ಟ್ಯಾಂಕಿನೊಳಗಿಡುವ ಬ್ಯಾಕಪ್ ಕರೆಂಟ್ ಕಾಯಿಲಿನ ಸ್ವಿಚ್ಚಿನದ್ದೋ ಆಗಿರುತ್ತದೆ.

ನಿಜಕ್ಕೂ 200 ಲೀಟರ್ ಬೇಕೇ? 25 ಡಿಗ್ರಿ ತಣ್ಣೀರಿಗೆ 55 ಡಿಗ್ರಿ ಬಿಸಿನೀರು ಸಮಸಮ ಬೆರೆಸಿದರೆ 40 ಡಿಗ್ರಿ, ಸ್ನಾನಕ್ಕೆ ಹದ. 20 ಲೀಟರ್ ಬಕೆಟ್‌ಗೆ 10 ಲೀಟರ್ ಬಿಸಿನೀರು ಸಾಕು. ತಲಾ ಎರಡು ಬಕೆಟ್ ಎಂದರೂ ನಾಲ್ವರಿಗೆ 80 ಲೀಟರ್. ಬಕೆಟ್ ಸ್ನಾನದ ಮನೆಗೆ 100 ಲೀಟರಿನದೇ ಧಾರಾಳ. ನಿಮಿಷಕ್ಕೆ 9 ಲೀಟರ್ ಸುರಿಯುವ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲುವವರಿಗೆ ಒಬ್ಬೊಬ್ಬರಿಗೇ 45 ಲೀಟರ್ ಬಿಸಿನೀರು ಹೋಗುತ್ತದೆ, ಅಲ್ಲಿ 200 ಸರಿ. ಆ 80 ಲೀಟರನ್ನು ಗೀಸರ್‌ನಲ್ಲಿ ಕಾಯಿಸಿದರೆ ದಿನಕ್ಕೆ 2.8 ಯೂನಿಟ್, ತಿಂಗಳಿಗೆ 84. ಗೃಹಜ್ಯೋತಿ ಇರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ: ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ಚಳಿಗಾಲದಲ್ಲಿ ಆ ಗೆರೆ ದಾಟಿಸುವುದು ಹೆಚ್ಚಾಗಿ ಗೀಸರೇ.

ಕೊಳ್ಳುವಾಗ ಟ್ಯಾಂಕಿನ ಅಳತೆಯನ್ನು ಬೇರೆಯಾಗಿ ಕೇಳಿ. 58 ಮಿಲಿಮೀಟರ್ ದಪ್ಪ, 1800 ಮಿಲಿಮೀಟರ್ ಉದ್ದದ ಒಂದು ಟ್ಯೂಬ್ ಸುಮಾರು 2.7 ಲೀಟರ್ ಹಿಡಿಯುತ್ತದೆ. ಇಪ್ಪತ್ತಕ್ಕೆ 54 ಲೀಟರ್. ಟ್ಯೂಬಿನೊಳಗಿನ ನೀರು ಕೆಳಗೇ ಉಳಿಯುತ್ತದೆ, ನಲ್ಲಿಗೆ ಬರುವುದಿಲ್ಲ. ಅದನ್ನೂ ಸೇರಿಸಿ 200 ಎಂದಿದ್ದರೆ ನಿಮಗೆ ದಕ್ಕುವುದು 146 ಲೀಟರಷ್ಟೇ. ಲೇಬಲ್ ಮೇಲೆ ಐಎಸ್ 16544 (ಇಂಥ ಟ್ಯೂಬ್ ಹೀಟರ್‌ಗಳ ಭಾರತೀಯ ಮಾನಕ) ಇದೆಯೇ ನೋಡಿ. ಪ್ರತಿ ಟ್ಯೂಬಿನ ಮುಚ್ಚಿದ ತುದಿ ಕನ್ನಡಿಯಂತೆ ಬೆಳ್ಳಿ ಬಣ್ಣದಲ್ಲಿ ಹೊಳೆಯಬೇಕು. ಸುಣ್ಣ ಬಳಿದಂತೆ ಬೆಳ್ಳಗಾಗಿದ್ದರೆ ಎರಡು ಗಾಜಿನ ನಡುವಿನ ನಿರ್ವಾತ ಹೋಗಿದೆ. ಹೊರಗಾಜು ಮುಟ್ಟಿದರೆ ಬೆಚ್ಚಗಿರುತ್ತದೆ, ಶಾಖ ಅಲ್ಲೇ ಸೋರುತ್ತಿರುತ್ತದೆ. ಗಡಸು ಬೋರ್ ನೀರಾದರೆ 304 ಸ್ಟೀಲ್ ಟ್ಯಾಂಕಿಗೆ ಕ್ಲೋರೈಡ್‌ನಿಂದ ಸೂಜಿಮೊನೆಯ ತೂತು ಬೀಳುವ ಭಯವಿದೆ. 316ಎಲ್ ಸ್ಟೀಲ್, ಇಲ್ಲವೇ ಗಾಜಿನ ಲೇಪದ ಟ್ಯಾಂಕ್ ಮತ್ತು ಮೆಗ್ನೀಸಿಯಂ ಕಡ್ಡಿ ಇರುವುದನ್ನು ಆರಿಸಿ. ಆ ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇರುವುದು, ಕಾಲಕಾಲಕ್ಕೆ ಬದಲಿಸಬೇಕು.

ಇನ್ನು ಕೂರಿಸುವ ಕೆಲಸ. ಟ್ಯೂಬುಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು, ಬೆಳಿಗ್ಗೆ 9ರಿಂದ 3ರವರೆಗೆ ನೆರಳು ಬೀಳಬಾರದು. ಸಿಂಟೆಕ್ಸ್ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಒಂದಡಿಯಾದರೂ ಮೇಲಿರಲಿ. ಸೋಲಾರ್ ಟ್ಯಾಂಕಿಗೆ ಗಾಳಿಯಾಡಲು ಇರುವ ಏರ್ ವೆಂಟ್ ಪೈಪ್ ಸಿಂಟೆಕ್ಸ್‌ನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಬೇಕು, ಅದರ ಬಾಯಿಗೆ ಯಾರೂ ಮುಚ್ಚಳ ಹಾಕಬಾರದು. ವೆಂಟ್ ಕಟ್ಟಿಕೊಂಡಿರುವಾಗ ಕೆಳಗೆ ನಾಲ್ಕು ನಲ್ಲಿ ಒಟ್ಟಿಗೆ ತೆರೆದರೆ ಒಳಟ್ಯಾಂಕ್ ಡಬ್ಬಿ ಅಮುಕಿದಂತೆ ಒಳಕ್ಕೆ ಕುಸಿಯುತ್ತದೆ. ಮಾಮೂಲಿ ಟ್ಯಾಂಕಿಗೆ ತಣ್ಣೀರಿನ ಕಡೆಯಿಂದ ಪ್ರೆಶರ್ ಪಂಪ್ ಕೊಡಲೇಬೇಡಿ, ಅದಕ್ಕೆಂದೇ ಪ್ರೆಶರ್ ತಡೆಯುವ ಮಾದರಿ ಬೇರೆ ಇದೆ. ಮೊದಲ ಸಲ ನೀರು ತುಂಬುವುದು ಬಿಸಿಲೇರುವ ಮೊದಲು ಅಥವಾ ಸಂಜೆ. ಖಾಲಿ ಟ್ಯೂಬ್ ಮಧ್ಯಾಹ್ನ ಕಾದಿರುವಾಗ ತಣ್ಣೀರು ಬಿಟ್ಟರೆ ಗಾಜು ಪಟಪಟ ಸಿಡಿಯುತ್ತದೆ. ಊಟಕ್ಕೆ ಮೊದಲು ಕೆಲಸ ಮುಗಿಸಿಬಿಡುತ್ತೇನೆ ಎನ್ನುವ ಪ್ಲಂಬರ್‌ಗೆ ಇದನ್ನು ಮೊದಲೇ ಹೇಳಿಬಿಡಿ.

"ಸಂಜೆ ಕುದಿಯುತ್ತಿತ್ತು, ಬೆಳಿಗ್ಗೆ ಉಗುರುಬೆಚ್ಚಗೆ" ಎನ್ನುವುದು ಬಹುಪಾಲು ಮನೆಗಳ ದೂರು. ಎಲ್ಲರೂ ಟ್ಯಾಂಕನ್ನೇ ಬೈಯುತ್ತಾರೆ. ಕಳ್ಳ ಇರುವುದು ಬಚ್ಚಲಲ್ಲಿ: ಮಿಕ್ಸರ್‌ನ ಎರಡೂ ತಿರುಪು ತೆರೆದಿಟ್ಟು, ಮುಂದಿನ ಹ್ಯಾಂಡ್ ಶವರ್‌ನ ಗುಂಡಿಯಲ್ಲಷ್ಟೇ ನೀರು ನಿಲ್ಲಿಸಿದ್ದರೆ ಒಳಗೆ ಬಿಸಿ, ತಣ್ಣೀರು ಸೇರಿಕೊಂಡು ರಾತ್ರಿಯಿಡೀ ಬೆರೆಯುತ್ತವೆ. ಪರೀಕ್ಷೆ ಸುಲಭ. ರಾತ್ರಿ ತಾರಸಿಯಲ್ಲಿ ಬಿಸಿನೀರಿನ ಗೇಟ್ ವಾಲ್ವ್ ಮುಚ್ಚಿ, ಬೆಳಿಗ್ಗೆ ತೆರೆದು ನೋಡಿ. ನೀರು ಬಿಸಿ ಇದ್ದರೆ ಟ್ಯಾಂಕ್ ನಿರ್ದೋಷಿ. ಟ್ಯಾಂಕಿಗೆ ಹೋಗುವ ತಣ್ಣೀರಿನ ಪೈಪಿಗೂ ಮಿಕ್ಸರ್‌ಗೂ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಮುಗಿಯಿತು.

ಪೈಪಿನ ದಪ್ಪದಲ್ಲೂ ಲೆಕ್ಕ ತಪ್ಪುತ್ತದೆ. ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪ್ ಸಿಪಿವಿಸಿ. ಮುಕ್ಕಾಲು ಇಂಚಿನದು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ, ಒಂದು ಇಂಚಿನದು 0.4 ಲೀಟರ್. ತಾರಸಿಯಿಂದ ಕೆಳಮನೆ ಬಚ್ಚಲಿಗೆ 20 ಮೀಟರ್ ಇದ್ದರೆ ಪ್ರತಿ ಸಲ ಬಿಸಿ ಬರುವ ಮೊದಲು 5 ಅಥವಾ 8 ಲೀಟರ್ ತಣ್ಣೀರು ಚೆಲ್ಲಬೇಕು. ಚೆಲ್ಲಿದಷ್ಟೇ ಬಿಸಿನೀರು ಸ್ನಾನ ಮುಗಿದ ಮೇಲೆ ಪೈಪಿನಲ್ಲಿ ಉಳಿದು ಆರುತ್ತದೆ. ದಪ್ಪ ಪೈಪ್ ಬೇಡ. ತಣ್ಣೀರಿಗೆ ಬಳಸುವ ಬಿಳಿ ಯುಪಿವಿಸಿ ಪೈಪಂತೂ ಬೇಡವೇ ಬೇಡ, ಬೇಸಿಗೆಯ ಕುದಿನೀರಿಗೆ ಅದು ಜೋತುಬೀಳುತ್ತದೆ. ತಾರಸಿಯ ಮೇಲಿನ ಭಾಗಕ್ಕೆ ಕಪ್ಪು ಸ್ಪಂಜಿನ ತೋಳು ಹಾಕಿಸಿ, ಮೇಲೆ ಅಲ್ಯುಮಿನಿಯಂ ಟೇಪ್ ಸುತ್ತಿಸಿ. ಬರೀ ಸ್ಪಂಜು ಬಿಸಿಲಿಗೆ ಪುಡಿಯಾಗುತ್ತದೆ.

ಬ್ಯಾಕಪ್ ವಿಷಯದಲ್ಲಿ ಈ ಹೀಟರ್‌ಗೆ ಪೂರ್ತಿ ಅಂಕ ಕೊಡಲಾಗದು. 2 ಕಿಲೋವ್ಯಾಟ್ ಕಾಯಿಲ್ ಒಂದು ಗಂಟೆ ಓಡಿ 2 ಯೂನಿಟ್ ತಿಂದರೂ 200 ಲೀಟರ್ ನೀರು ಎಂಟೂವರೆ ಡಿಗ್ರಿಯಷ್ಟೇ ಏರುತ್ತದೆ. ಇಬ್ಬರ ಸ್ನಾನಕ್ಕಾಗಿ ಇಡೀ ಟ್ಯಾಂಕ್ ಕಾಯಿಸಿದಂತೆ. ರಾತ್ರಿಯೆಲ್ಲ ಆನ್ ಬಿಟ್ಟರೆ ಬೆಳಗಿನ ಸೂರ್ಯನಿಗೆ ಕಾಯಿಸಲು ತಣ್ಣೀರೇ ಉಳಿದಿರುವುದಿಲ್ಲ. ಕಾಯಿಲ್ ಬದಲು ಬಚ್ಚಲಲ್ಲೇ 10 ಲೀಟರಿನ ಸಣ್ಣ ಗೀಸರ್ ಇಟ್ಟುಕೊಂಡು, ಮಳೆ ಹಿಡಿದ ದಿನ ಮಾತ್ರ ಹಾಕುವುದು ಲಾಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖವೇ ಕಾಣದ ಮಲೆನಾಡಿನ ಊರುಗಳಲ್ಲಿ ಬಚ್ಚಲ ಹಂಡೆಯನ್ನು ಕಿತ್ತುಹಾಕಬೇಡಿ.

ವರ್ಷಕ್ಕೊಮ್ಮೆ ಟ್ಯೂಬ್ ಬಿಚ್ಚಿ ತಳದ ಸುಣ್ಣ, ಕೆಸರು ತೊಳೆಸಿ. ಟ್ಯೂಬ್ ಟ್ಯಾಂಕಿಗೆ ಸೇರುವಲ್ಲಿನ ಸಿಲಿಕೋನ್ ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ. ತೆಂಗಿನ ಮರದ ಕೆಳಗೆ, ಕೋತಿಗಳ ದಾರಿಯಲ್ಲಿ ಇದು ಬಾಳದು. ಎರಡು ಟ್ಯೂಬ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಒಂದೇ ಒಂದು ಒಡೆದರೂ ಟ್ಯಾಂಕಿನ ನೀರೆಲ್ಲ ತಾರಸಿ ಮೇಲೆ; ಸೋಲಾರ್‌ಗೆ ಬರುವ ತಣ್ಣೀರಿನ ಗೇಟ್ ವಾಲ್ವ್ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರದಿದ್ದರೆ ಸಿಂಟೆಕ್ಸೂ ಅದರ ಹಿಂದೆಯೇ ಖಾಲಿ.