ಹಾರ್ಮೋನಿಯಂ ರೀಡ್ ಕಚ್ಚಿಕೊಂಡರೆ ಎಣ್ಣೆ, ಸ್ಪ್ರೇ ಹಾಕಬೇಡಿ. ನಾನು ಹಾಕಿ ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಮ್ಮದು ದಾವಣಗೆರೆ. ಮನೆ ಮಂಡಕ್ಕಿ ಭಟ್ಟಿಗಳ ಕಡೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಮಸಿ, ಅಷ್ಟು ಧೂಳು. ಮನೆಯಲ್ಲಿ ಅಪ್ಪನ ಕಾಲದ ಪೆಟ್ಟಿಗೆ ಇದೆ. ಪೆಟ್ಟಿಗೆ ಅಂದರೆ ಹಾರ್ಮೋನಿಯಂ, ನಾಟಕದವರೂ ಭಜನೆಯವರೂ ಹಾಗೇ ಅನ್ನುವುದು. ಡಬಲ್ ರೀಡಿನದು. ರೀಡ್ ಅಂದರೆ ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿ. ಒಂದು ಕೀ ಒತ್ತಿದರೆ ದಪ್ಪ ದನಿಯ ಬೇಸ್ ಒಂದು, ಅದಕ್ಕಿಂತ ಏರು ದನಿಯ ಮೇಲ್ (male) ಒಂದು, ಎರಡು ರೀಡ್ ಒಟ್ಟಿಗೆ ನುಡಿಯುತ್ತವೆ.

ಹೋದ ಶ್ರಾವಣದಲ್ಲಿ ಸೋಮವಾರದ ಭಜನೆಗೆ ಮೂರು ದಿನ ಇದೆ ಅನ್ನುವಾಗ ಕಪ್ಪು 4, ಅಂದರೆ ನಾಲ್ಕನೇ ಕಪ್ಪು ಕೀ, ಸೊರಗಿತು. ನಾವು ಹಾಡುವುದು ಕಪ್ಪು 1ರಲ್ಲಿ, ಅದೇ ನಮ್ಮ ಸ, ಅಂದರೆ ಕಪ್ಪು 4 ನಮಗೆ ಪಂಚಮ. ಪಂಚಮವೇ ಇಲ್ಲದೆ ಏನು ಹಾಡುವುದು? ಪೂರ್ತಿ ಸತ್ತಿರಲಿಲ್ಲ, ಮೇಲ್ ನುಡಿಯುತ್ತಿತ್ತು, ಬೇಸ್ ಮಾತ್ರ ಮಾಯ. ನೆಗಡಿ ಹಿಡಿದವರು ಹಾಡಿದ ಹಾಗೆ ತೆಳ್ಳಗೆ ಕೇಳಿಸುತ್ತಿತ್ತು.

ಆಗ ನಾನು ಸುಮ್ನೆ ಯಾರಾದರೂ ತಿಳಿದವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಓಣಿಯ ಬೈಕ್ ಗ್ಯಾರೇಜಿನ ಹುಡುಗನ ಹತ್ತಿರ ಹೋದೆ. "ಅಣ್ಣಾ, ತುಕ್ಕು ಬಿಡಿಸೋ ಸ್ಪ್ರೇ ಐತಿ, ಒಂದ್ಸಲ ಪುಸ್ ಅನ್ಸ್ರಿ. ಹತ್ತು ವರ್ಷದ ಚೈನೇ ಬಿಡ್ತೈತಿ, ಇದ್ಯಾವ ಲೆಕ್ಕ" ಅಂದ. ಅವನದೇನೂ ತಪ್ಪಿಲ್ಲ, ಅವನಿಗೆ ಗೊತ್ತಿದ್ದದ್ದು ಚೈನು. ನಾನು ಮುಚ್ಚಳ ತೆಗೆದು, ಕೀಗಳ ಹಿಂದಿನ ಸಂದಿಗೆ ಆ ಕೆಂಪು ನಳಿಕೆ ತೂರಿಸಿ, ಒಂದು ಸಲ ಅಲ್ಲ, ನಾಲ್ಕೈದು ಸಲ ಪುಸ್ ಅನ್ನಿಸಿದೆ. ಕಪ್ಪು 4ಕ್ಕೆ ಮಾತ್ರ ಅಲ್ಲ, ಕೈಯಲ್ಲಿ ಡಬ್ಬಿ ಇದೆಯಲ್ಲ ಅಂತ ಅಕ್ಕಪಕ್ಕದವಕ್ಕೂ.

ಮತ್ತೆ ಮೋಸ ಹೋದದ್ದು ಎಲ್ಲಿ ಅಂದರೆ, ಅದು ಸರಿಯಾಯಿತು! ಪಂಚಮ ಗಂಟೆ ಹೊಡೆದ ಹಾಗೆ ಬಂತು. ಸೋಮವಾರದ ಭಜನೆ ಜೋರಾಗಿ ಆಯಿತು. ನಾನು ನಾಲ್ಕು ಜನರಿಗೆ ಈ ಉಪಾಯ ಹೇಳಿಯೂ ಬಿಟ್ಟೆ. ಅವರು ಇದನ್ನು ಓದುತ್ತಿದ್ದರೆ ಕ್ಷಮೆ ಇರಲಿ, ದಯವಿಟ್ಟು ಹಾಕಬೇಡಿ.

ಮೂರನೇ ಸೋಮವಾರದ ಹೊತ್ತಿಗೆ ಒಂಬತ್ತು ಸ್ವರ ಕೆಟ್ಟಿದ್ದವು. ಕೆಲವು ಮೂಕ. ಕೆಲವು ಜೋರಾಗಿ ತಿದಿ ಒತ್ತಿದರೆ ತಡವಾಗಿ ಎದ್ದು ಬರುತ್ತಿದ್ದವು. ಎರಡು ಸ್ವರ ಅಕ್ಕಪಕ್ಕದವಕ್ಕೆ ಹೊಂದದೆ ಕೆಳಗಿಳಿದಿದ್ದವು. ಒಂದಂತೂ ಬೆರಳು ತೆಗೆದರೂ ಊಂ ಅಂತ ಅಳುತ್ತಲೇ ಇತ್ತು. ಭಜನೆ ಮಧ್ಯೆ ಹಿರಿಯರೊಬ್ಬರು "ಅದಕ್ಕೊಂದು ಲೋಟ ಹಾಲು ಕೊಡ್ರಪ್ಪ" ಅಂದರು. ನಗು ಬರಲಿಲ್ಲ ನನಗೆ.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಎರಡನೇ ತಪ್ಪು ಮಾಡಿದೆ. ವಾದ್ಯ ರಿಪೇರಿ ಮಾಡುತ್ತೇನೆ ಅಂದ ಒಬ್ಬರಿಗೆ, ಅವರ ಕೆಲಸ ನೋಡದೆ ಪೆಟ್ಟಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು, 1,800 ರೂಪಾಯಿ ತೆಗೆದುಕೊಂಡು, ರೀಡುಗಳನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿ ಫಳಫಳ ಮಾಡಿ ಕೊಟ್ಟರು. ನೋಡಲು ಹೊಸ ಬಂಗಾರ. ನುಡಿಸಿದರೆ ಒಂದು ಸ್ವರಕ್ಕೂ ಇನ್ನೊಂದಕ್ಕೂ ಮಾತುಕತೆಯೇ ಇಲ್ಲ.

ಕೊನೆಗೆ ಕಂಪನಿ ನಾಟಕಗಳಲ್ಲಿ ವರ್ಷಗಟ್ಟಲೆ ಪೆಟ್ಟಿಗೆ ನುಡಿಸಿದ ಹಿರಿಯ ಮಾಸ್ತರೊಬ್ಬರ ಮನೆಗೆ ಹೋದೆ. ಹೆಸರು ಹಾಕುವುದಿಲ್ಲ, ಅವರಿಗೆ ಇಷ್ಟ ಇಲ್ಲ. ಮುಚ್ಚಳ ತೆಗೆದು ಮೂಸಿ ನೋಡಿದರು. ಮೂಸಿದರು, ನುಡಿಸಲಿಲ್ಲ! "ಯಾರು ಇದಕ್ಕೆ ಎಣ್ಣಿ ಕುಡಿಸಿದವ್ರು?" ಅಂದರು. ನಾನೇ ಮಾಸ್ತರೇ ಅಂದೆ. "ಆಕಾಶವಾಣಿಯವ್ರು 1940ರಿಂದ 1971ರ ತನಕ ಪೆಟ್ಟಿಗೀನ ಒಳಗ ಬಿಟ್ಕೊಂಡಿರಲಿಲ್ಲ. ಅವರ ಕೈಲೂ ಆಗದಿದ್ದದ್ದನ್ನ ನೀವು ಒಂದು ಡಬ್ಬಿಯೊಳಗ ಮಾಡೀರಿ ನೋಡ್ರಿ, ಇದರ ಬಾಯೇ ಮುಚ್ಚಿಸೀರಿ."

ಆಮೇಲೆ ರೀಡ್ ಹಲಗೆ ತಿರುಗಿಸಿ ಕೂರಿಸಿ ತೋರಿಸಿದರು. ಅಪ್ಪನ ಕಾಲದಿಂದ ಮನೆಯಲ್ಲಿದ್ದರೂ ಅದರ ಹೊಟ್ಟೆ ನೋಡಿದ್ದು ನಾನು ಅವತ್ತೇ.

ರೀಡ್ ಅಂದರೆ ಹಿತ್ತಾಳೆಯ ಒಂದು ತಗಡು. ಅದರಲ್ಲಿ ಉದ್ದನೆಯ ಸೀಳು. ಸೀಳಿನ ಮೇಲೆ ಹಿತ್ತಾಳೆಯದೇ ತೆಳು ನಾಲಿಗೆ. ಬುಡದಲ್ಲಿ ರಿವೆಟ್ ಬಡಿದಿರುತ್ತದೆ, ತುದಿ ಬಿಟ್ಟಿರುತ್ತದೆ. ತಿದಿಯ ಗಾಳಿ ನುಗ್ಗಿದಾಗ ನಾಲಿಗೆ ಆ ಸೀಳಿನೊಳಗೆ ಹೋಗಿ ಬಂದು ಮಾಡುತ್ತದೆ, ಅದೇ ಸ್ವರ. ನಾಲಿಗೆಯ ಅಂಚಿಗೂ ಸೀಳಿನ ಅಂಚಿಗೂ ಇರುವ ಜಾಗ ಕೂದಲೆಳೆಯಷ್ಟೂ ಇಲ್ಲ. ಅಲ್ಲಿ ಒಂದು ಕಣ ಧೂಳು ಕೂತರೆ ಸಾಕು, ನಾಲಿಗೆ ಕಚ್ಚಿಕೊಳ್ಳುತ್ತದೆ. ನನ್ನ ಕಪ್ಪು 4ಕ್ಕೆ ಆಗಿದ್ದೂ ಅಷ್ಟೇ. ಸ್ಪ್ರೇಯ ರಭಸಕ್ಕೆ ಆ ಕಣ ಹಾರಿತು, ನಾನು ಔಷಧಿ ಹತ್ತಿತು ಅಂದುಕೊಂಡೆ. ಉಳಿದ ಎಣ್ಣೆ ಅಲ್ಲೇ ಪದರವಾಗಿ ನಿಂತು, ತಿದಿ ಎಳೆದುಕೊಂಡ ಮಸಿಯನ್ನೆಲ್ಲ ಹಿಡಿದು ಅಂಟು ಮಾಡಿತು. ನಾಲಿಗೆಯ ತುದಿಗೆ ಆ ಅಂಟಿನ ಭಾರ ಬಿದ್ದಾಗ ಸ್ವರ ಕೆಳಗಿಳಿಯುತ್ತದೆ. ಕೀಯ ಕೆಳಗೆ ಗಾಳಿಯ ತೂತು ಮುಚ್ಚುವ ತೊಗಲಿಗೂ ಎಣ್ಣೆ ಕುಡಿಸಿದ್ದೆ, ಅದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕೇ ಆ ಅಳು.

ಮರಳು ಕಾಗದದ ಕಥೆ ಇನ್ನೂ ಕೆಟ್ಟದು. ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಶ್ರುತಿ ಮಾಡುವವರು ಇದನ್ನೇ ಬಳಸಿ, ಒಂದೊಂದು ಎಳೆ ಕೆರೆದು, ಕೇಳಿ, ಮತ್ತೆ ಕೆರೆದು ಸರಿ ಮಾಡುತ್ತಾರೆ. ಫಳಫಳ ಮಾಡಲು ಉಜ್ಜಿದರೆ ಆಯ್ತು, ಶ್ರುತಿ ಹೋದ ಹಾಗೆಯೇ. ಕೆರೆದ ಹಿತ್ತಾಳೆ ವಾಪಸ್ ಬರುವುದಿಲ್ಲ.

ಹಾಗಾದರೆ ಕಚ್ಚಿಕೊಂಡ ರೀಡಿಗೆ ಏನು ಮಾಡಬೇಕು? ಮಾಸ್ತರು ಮಾಡಿದ್ದು ನೋಡಿದರೆ ನನಗೆ ಅಳು ಬಂತು, ಅಷ್ಟು ಸುಲಭ. ಮೊದಲು ಎರಡೂ ಪಕ್ಕದ ಸ್ಕ್ರೂ ಬಿಚ್ಚಿ ರೀಡ್ ಹಲಗೆ ಎತ್ತಬೇಕು, ಬಿಚ್ಚುವ ಮೊದಲು ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ, ಯಾಕೆಂದರೆ ಒಂದು ಪೆಟ್ಟಿಗೆ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಮಕ್ಕಳ ಬಣ್ಣದ ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಕಚ್ಚಿದ ನಾಲಿಗೆಯ ತುದಿಯನ್ನು ಬ್ಲೇಡಿನ ಮೂಲೆಯಿಂದ ಕೂದಲಷ್ಟು, ಬರೀ ಕೂದಲಷ್ಟು ಎತ್ತಿ, ಕೆಳಗೆ ತೆಳು ಕಾಗದದ ಪಟ್ಟಿ ತೂರಿಸಿ ಮೆಲ್ಲಗೆ ಎಳೆಯಿರಿ. ಮಾಸ್ತರು ಜೇಬಿನಿಂದ ತೆಗೆದದ್ದು ಬಸ್ ಟಿಕೆಟ್! ಅದು ತೆಳ್ಳಗೂ ಇರುತ್ತದೆ, ಗಟ್ಟಿಯೂ ಇರುತ್ತದೆ. ಆಮೇಲೆ ಉಗುರಿನಲ್ಲಿ ತುದಿಯನ್ನು ಸಣ್ಣಗೆ ಮೀಟಿದರೆ ಟಿಂಗ್ ಅಂತ ಬರಬೇಕು. ಟಕ್ ಅಂದರೆ ಇನ್ನೂ ಕಸ ಇದೆ. ಜೋರಾಗಿ ಎತ್ತಬೇಡಿ, ನಾಲಿಗೆ ಬಗ್ಗಿದರೆ ಬೇರೆ ರಾಮಾಯಣ.

ಹಿತ್ತಾಳೆ ಹಸಿರು ಕಿಲುಬು ಹಿಡಿದಿದ್ದರೂ ಮನೆಯಲ್ಲಿ ಕೈ ಹಾಕಬೇಡಿ. ನನ್ನ ಹೆಂಡತಿ ದೇವರ ಸಾಮಾನಿನ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕೋಣವೇ ಅಂದಳು. ಸ್ಪ್ರೇ ಹೊಡೆದವನು ನಾನು, ನಗುವ ಅರ್ಹತೆ ನನಗಿರಲಿಲ್ಲ. ಆದರೂ ಬೇಡ.

ಇನ್ನೊಂದು ವಿಷಯ. ಕೀ ಒತ್ತಿದರೆ ಮೇಲೇ ಬರುವುದಿಲ್ಲ, ಅದು ರೀಡ್ ಕಚ್ಚಿದ್ದಲ್ಲ. ಮಳೆಗಾಲದ ಥಂಡಿಗೆ ಮರ ಉಬ್ಬಿ ಪಕ್ಕದ್ದಕ್ಕೆ ತಾಗುತ್ತಿರುತ್ತದೆ, ಅಥವಾ ಸ್ಪ್ರಿಂಗ್ ಸೋತಿರುತ್ತದೆ. ಅದಕ್ಕೆ ರೀಡ್ ಮುಟ್ಟುವ ಕೆಲಸವೇ ಇಲ್ಲ.

ಧೂಳು ಎಲ್ಲಿಂದ ಬಂತು ಅಂತ ಮಾಸ್ತರು ಕೇಳಿದರು. ಭಟ್ಟಿ ಮಸಿ ಮಾಸ್ತರೇ ಅಂದೆ. ಅವರು ಕುಂಚದಲ್ಲಿ ಉದುರಿಸಿದ್ದನ್ನು ಬಿಳಿ ಕಾಗದದ ಮೇಲೆ ಹಾಕಿ ತೋರಿಸಿದರು. ಮಸಿ ಇತ್ತು. ಅದರ ಜೊತೆ ವಿಭೂತಿ, ಕುಂಕುಮ, ಊದಿನಕಡ್ಡಿ ಬೂದಿ, ನಾಲ್ಕು ಅಕ್ಷತೆ ಕಾಳು! ಪ್ರತಿ ವರ್ಷ ಆಯುಧ ಪೂಜೆಗೆ ನಾವು ಕೀಗಳ ಮೇಲೆಯೇ ವಿಭೂತಿ ಪಟ್ಟೆ ಎಳೆದು ಕುಂಕುಮ ಇಡುತ್ತಿದ್ದೆವು. ಅದೆಲ್ಲ ಸಂದಿಯಲ್ಲಿ ಇಳಿದಿತ್ತು. ಮೇಲಾಗಿ ಮಕ್ಕಳು ತಿದಿ ಹಾಕದೆ ಸುಮ್ನೆ ಕೀ ಒತ್ತಿ ಆಡುತ್ತಾರೆ. ಹಾಗೆ ಒತ್ತಿದಾಗ ತೂತು ತೆರೆಯುತ್ತದೆ, ಒಳಗಿಂದ ಗಾಳಿ ಇರುವುದಿಲ್ಲ, ಪುಡಿ ನೇರ ರೀಡಿನ ಮೇಲೆ ಬೀಳುತ್ತದೆ.

ರಿಪೇರಿಗೆ ಒಂದೂವರೆ ತಿಂಗಳು ಹಿಡಿಯಿತು. ಪ್ರತಿ ರೀಡ್ ಬಿಚ್ಚಿ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ತೊಗಲು ಬದಲಾಯಿಸಿ, ಶ್ರುತಿ ಕೂರಿಸಿ ಕೊಟ್ಟರು. ಆರು ರೀಡ್ ಉಳಿಯಲೇ ಇಲ್ಲ, ಗುಜರಾತಿನ ಪಾಲಿತಾಣದ ರೀಡ್ ತರಿಸಿ ಹಾಕಿದರು. ಎಲ್ಲ ಸೇರಿ 7,500 ರೂಪಾಯಿ. ಒಂದು ಬಸ್ ಟಿಕೆಟ್ಟಿನ ಕೆಲಸ ಅಲ್ವಾ ಇದು?

ಈಗ ನುಡಿಸಿ ಆದ ತಕ್ಷಣ ಮುಚ್ಚಳ ಹಾಕಿ, ಮೇಲೆ ಹಳೇ ರೇಷ್ಮೆ ಸೀರೆ ಹೊದಿಸುತ್ತೇವೆ. ಈ ಸಲ ಆಯುಧ ಪೂಜೆಗೆ ಕುಂಕುಮ ಹಚ್ಚಿದ್ದು ಮುಚ್ಚಳದ ಮೇಲೆ. ಸ್ಪ್ರೇ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು, ಗೇಟಿನ ತಿರುಗಣಿಗೆ ಹೊಡೆದೆ, ಅದಕ್ಕೆ ಚೆನ್ನಾಗಿ ಕೆಲಸ ಮಾಡಿತು. ಕಪ್ಪು 4 ಮಾತ್ರ ಥಂಡಿ ದಿನ ಈಗಲೂ ಮೊದಲ ಸಲ ಒತ್ತಿದಾಗ ಕೊಂಚ ಗೊರ ಅನ್ನುತ್ತದೆ. ಮರ ಕುಡಿದ ಎಣ್ಣೆ ಪೂರ್ತಿ ಬಿಡುವುದಿಲ್ಲವಂತೆ.