ಲ್ಯಾಪ್‌ಟಾಪನ್ನೇ ಕೀಬೋರ್ಡ್ ಮಾಡಿಕೊಂಡು ಸ್ಟೇಜ್ ಹತ್ತೋರು ಓದಿ

ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸುವವನು ನಾನು. ಹೋದ ವರ್ಷ ಹಳೇ ಕೀಬೋರ್ಡನ್ನು ಮನೆಯಲ್ಲೇ ಬಿಟ್ಟು ಲ್ಯಾಪ್‌ಟಾಪ್, ಮಿಡಿ ಕಂಟ್ರೋಲರ್ (ತನ್ನದೇ ಸದ್ದಿಲ್ಲದ, ಯಾವ ಕೀ ಒತ್ತಿದೆ ಅಂತ ಲ್ಯಾಪ್‌ಟಾಪಿಗೆ ತಿಳಿಸುವ ಕೀಲಿಮಣೆ), ಆಡಿಯೊ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಸದ್ದನ್ನು ಮಿಕ್ಸರಿಗೆ ದಾಟಿಸುವ ಡಬ್ಬಿ) ಇಷ್ಟೇ ಹೊತ್ತುಕೊಂಡು ಹೋದೆ. ಶಹನಾಯಿ, ವೀಣೆ, ವಯಲಿನ್ ಗುಂಪು ಎಲ್ಲ ಅದರೊಳಗೇ. ಮನೆಯಲ್ಲಿ ಒಂದು ತಿಂಗಳು ಹೆಡ್‌ಫೋನ್ ಹಾಕಿಕೊಂಡು ನುಡಿಸಿದ್ದೆ. ಒಂದು ಸಲವೂ ಕೈಕೊಟ್ಟಿರಲಿಲ್ಲ.

ಪೆಂಡಾಲಿನಲ್ಲಿ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಅಂತ ಶುರುವಾಯಿತು. "ಅಣ್ಣ, ನಿಮ್ ಲೈನೇ ಹಮ್ ಹೊಡೀತಿದೆ" ಎಂದ ಮಿಕ್ಸರ್ ಹುಡುಗ. ಚಾರ್ಜರ್ ಕಿತ್ತೆ, ನಿಂತಿತು. ಬ್ಯಾಟರಿ ತುಂಬಿದೆ, ಸಾಕು ಬಿಡು ಅಂದುಕೊಂಡೆ. ಕೆಟ್ಟಿದ್ದು ಅಲ್ಲೇ.

ನನ್ನ ವಿಂಡೋಸ್ ಸೆಟ್ಟಿಂಗಿನಲ್ಲಿ ಚಾರ್ಜರ್ ತೆಗೆದರೆ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ತಗ್ಗುತ್ತದೆ. ಸಿನಿಮಾ ನೋಡುವಾಗ ಗೊತ್ತೇ ಆಗಲ್ಲ. ನುಡಿಸುವಾಗ ಹಾಗಲ್ಲ. ಲ್ಯಾಪ್‌ಟಾಪ್ ಸದ್ದನ್ನು ಸ್ಯಾಂಪಲ್ ಅನ್ನೋ ಚೂರುಗಳಾಗಿ ತಯಾರಿಸುತ್ತದೆ, ಒಂದು ಸಲಕ್ಕೆ ಎಷ್ಟು ಚೂರು ಅನ್ನೋದೇ ಬಫರ್. ನಾನು ಅದನ್ನು 128 ಸ್ಯಾಂಪಲ್ ಇಟ್ಟಿದ್ದೆ. ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಸುಮಾರು 3 ಮಿಲಿಸೆಕೆಂಡಿಗೊಮ್ಮೆ ಮುಂದಿನ ತುಂಡು ಸದ್ದು ತಯಾರಿರಬೇಕು. ತಡವಾದರೆ ಅಲ್ಲೊಂದು ತೂತು. ಎರಡನೇ ಹಾಡಿನ ವಯಲಿನ್ ತುಣುಕು ಬಂತು ನೋಡಿ, ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ!

ಗಾಬರಿಯಲ್ಲಿ ಬಫರನ್ನು 1024ಕ್ಕೆ ಏರಿಸಿದೆ. ಚಟಪಟ ಹೋಯಿತು, ಆದರೆ ಕೀ ಒತ್ತಿ ಕಡಿಮೆಯೆಂದರೂ 23 ಮಿಲಿಸೆಕೆಂಡ್ ಆದಮೇಲೆ ಸದ್ದು. ಬರೀ ಇಷ್ಟೇನಾ ಅನ್ನಬೇಡಿ. ಎಂಟು ಮೀಟರ್ ಆಚೆ ಇಟ್ಟ ಸ್ಪೀಕರ್ ಕೇಳಿಕೊಂಡು ನುಡಿಸಿದ ಲೆಕ್ಕ ಅದು. ತಬಲಾದವರು ತಿರುಗಿ ನನ್ನನ್ನೇ ನೋಡಿದರು. ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಇಷ್ಟರಲ್ಲಿ ಲ್ಯಾಪ್‌ಟಾಪ್ ತಾನಾಗಿಯೇ ನನ್ನ ಫೋನಿನ ಹಾಟ್‌ಸ್ಪಾಟ್ ಹಿಡಿದುಕೊಂಡಿತ್ತು. ಗಣಪತಿ ಶ್ಲೋಕದ ನಡುವೆ ಡಿಂಗ್! ಮೆಸೇಜ್ ಬಂದ ಸದ್ದು ಇಡೀ ಬೀದಿಗೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಚೀಲದಿಂದ ಮೊಬೈಲ್ ತೆಗೆದು ನೋಡಿಕೊಂಡರು.

ಲ್ಯಾಪ್‌ಟಾಪ್ ಬೇಡ ಅಂತ ನಾನು ಹೇಳ್ತಿಲ್ಲ, ಈಗಲೂ ಅದರಲ್ಲೇ ನುಡಿಸುತ್ತೇನೆ. ಚಾರ್ಜರ್ ಮಾತ್ರ ತೆಗೆಯಲ್ಲ. ಹಮ್ ಬಂದರೆ ಇಂಟರ್‌ಫೇಸಿಗೂ ಮಿಕ್ಸರಿಗೂ ನಡುವೆ ಗ್ರೌಂಡ್ ಲಿಫ್ಟ್ ಸ್ವಿಚ್ (ಸದ್ದಿನ ಕೇಬಲ್ಲಿನ ಅರ್ತ್ ಕೊಂಡಿ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಅನ್ನೋ ಪುಟ್ಟ ಡಬ್ಬಿ ಹಾಕಿಸಿ. ಹಾಗಂತ ಯಾರೋ ಹೇಳಿದರು ಅಂತ ಪ್ಲಗ್‌ನ ಅರ್ತ್ ಪಿನ್ ಮುರಿಯೋಕೆ ಹೋಗಬೇಡಿ, ಶಾಕ್ ಹೊಡೆದೀತು. ವೈಫೈ, ಬ್ಲೂಟೂತ್ ಆಫ್. ವಿಂಡೋಸ್‌ನ ಸ್ವಂತ ಸದ್ದುಗಳನ್ನು ಇಂಟರ್‌ಫೇಸಿಗೆ ಕಳಿಸದೆ ಲ್ಯಾಪ್‌ಟಾಪಿನ ಸ್ಪೀಕರಿಗೇ ಬಿಟ್ಟು ಮ್ಯೂಟ್ ಮಾಡಿ. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸಸ್ಪೆಂಡ್ (ಬ್ಯಾಟರಿ ಉಳಿಸಲು ಯುಎಸ್‌ಬಿಗೆ ಚುಚ್ಚಿದ್ದನ್ನು ಮಲಗಿಸುವುದು) ಅನ್ನೋದನ್ನೂ ಆಫ್ ಮಾಡಿಬಿಡಿ. ಅಪ್‌ಡೇಟ್ ಏನಿದ್ದರೂ ವಾರ ಮುಂಚೆಯೇ ಮುಗಿಸಿ, ಆಮೇಲೆ ಕಾರ್ಯಕ್ರಮ ಮುಗಿಯೋವರೆಗೆ ಅಪ್‌ಡೇಟ್ ತಡೆದಿಡಿ. ಹಳೇ ಕೀಬೋರ್ಡ್ ಈಗ ಪಕ್ಕದಲ್ಲೇ ಇರುತ್ತದೆ, ಮಿಕ್ಸರಿನಲ್ಲಿ ಅದಕ್ಕೆ ಬೇರೆ ಚಾನೆಲ್.

ಈ ಸಲ ಅದೇ ಕಮಿಟಿಯವರು ಫೋನ್ ಮಾಡಿದ್ದರು. ರೇಟು ಮಾತಾಡೋಕೆ ಮುಂಚೆ ಕೇಳಿದ್ದು ಒಂದೇ: "ಆ ಡಿಂಗ್ ಅನ್ನೋದನ್ನ ತರಲ್ಲ ಅಲ್ವಾ?"