ಉಕ್ತಲೇಖನವೋ ಗಿಳಿಪಾಠವೋ: ಶಿನ್‌ಚುವಿನಲ್ಲಿ ಇಂಗ್ಲಿಷ್ ಕಲಿಸಿದ ಎಂಟು ತಿಂಗಳು

ಶಿನ್‌ಚು ತೈವಾನಿನ ಗಾಳಿಯೂರು. ಚಳಿಗಾಲದಲ್ಲಿ ಕ್ಲಿಪ್ ಹಾಕದೆ ಒಣಗಿಸಿದ ಟವೆಲ್ ಎದುರುಮನೆಯ ಬಾಲ್ಕನಿಯಲ್ಲಿ ಸಿಗುತ್ತದೆ. 1980ರಲ್ಲಿ ಇಲ್ಲಿ ವಿಜ್ಞಾನ ಪಾರ್ಕ್ ಶುರುವಾದ ಮೇಲೆ ಇದು ಚಿಪ್ ತಯಾರಿಕೆಯ ಊರೆಂದೂ ಹೆಸರಾಯಿತು. ನಮ್ಮ ಯಜಮಾನರ ಸಂಶೋಧನೆಯ ಕೆಲಸದಿಂದಾಗಿ ಇಲ್ಲಿಗೆ ಬಂದ ನನಗೆ ಮ್ಯಾಂಡರಿನ್ ಕಲಿಯದೆ ಗತಿ ಇರಲಿಲ್ಲ. ಸೊಪ್ಪು ಕೊಳ್ಳುವುದಕ್ಕೂ ಅದೇ ಬೇಕು. ವಿಶ್ವವಿದ್ಯಾಲಯಗಳಿರುವ ಊರುಗಳಲ್ಲಿ ‘ಭಾಷಾ ವಿನಿಮಯ’ ಎಂಬ ಪದ್ಧತಿ ಇದೆ. ಒಂದು ಗಂಟೆ ನೀವು ಇಂಗ್ಲಿಷ್ ಹೇಳಿಕೊಡಿ, ಒಂದು ಗಂಟೆ ಅವರು ಚೀನೀ ಹೇಳಿಕೊಡುತ್ತಾರೆ. ದುಡ್ಡಿನ ಮಾತಿಲ್ಲ. ಹಾಗೆ ನನಗೆ ಮೂವರು ಸಿಕ್ಕಿದರು.

ಒಬ್ಬರು ಚಿಪ್ ಕಂಪನಿಯ ಎಂಜಿನಿಯರ್. ವಾರಕ್ಕೆ ಎರಡು ಸಲ ಅಮೆರಿಕದ ಗ್ರಾಹಕರ ಜೊತೆ ಫೋನ್ ಸಭೆಯಲ್ಲಿ ಕೂರುವವರು. ಇನ್ನೊಬ್ಬರು ನಮ್ಮ ಗಲ್ಲಿಯ ತಿಂಡಿ ಅಂಗಡಿಯ ಒಡತಿ. ಬೀದಿಯವರೆಲ್ಲ ಅವರನ್ನು ‘ಲಾವ್‌ಬಾನ್‌ನ್ಯಾಂಗ್’ ಎನ್ನುತ್ತಾರೆ, ಅಂಗಡಿಯ ಯಜಮಾನಿ ಎಂದು ಅರ್ಥ. ಮೂರನೆಯವಳು ಅವರ ಮಗಳು. ಹೈಸ್ಕೂಲಿನ ಕೊನೆಯ ವರ್ಷ, ಜನವರಿಯಲ್ಲಿ ಕಾಲೇಜು ಪ್ರವೇಶ ಪರೀಕ್ಷೆ. ಮೂವರ ಮೇಲೂ ನಾನು ಒಂದೇ ಕೆಲಸಕ್ಕೆ ಎರಡು ಮೂರು ವಿಧಾನಗಳನ್ನು ಹೂಡಿ ನೋಡಿದೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೇಳಿಸಿಕೊಳ್ಳುವುದಕ್ಕೆ ಉಕ್ತಲೇಖನ, ವ್ಯಾಕರಣಕ್ಕೆ ಸ್ವಂತ ತಪ್ಪುಗಳ ನೋಟ್‌ಬುಕ್, ಅನುವಾದಕ್ಕೆ ಮರುಅನುವಾದ. ಆದರೆ ಯಜಮಾನಿಯ ವಿಷಯದಲ್ಲಿ ಇದೆಲ್ಲ ತಲೆಕೆಳಗಾಯಿತು.

ಕೇಳುವ ಅಭ್ಯಾಸಕ್ಕೆ ಎಂಜಿನಿಯರ್ ಮೊದಲೇ ಹಿಡಿದಿದ್ದ ದಾರಿ ಅಮೆರಿಕದ ಧಾರಾವಾಹಿ. ಚೀನೀ ಅಡಿಬರಹದೊಂದಿಗೆ ಐದಾರು ವರ್ಷದಿಂದ ನೋಡುತ್ತಿದ್ದರಂತೆ. ಒಂದು ಸಂಜೆ ಜೊತೆಯಲ್ಲಿ ಕುಳಿತು ಗಮನಿಸಿದೆ. ಅವರ ಕಣ್ಣು ಪರದೆಯ ಕೆಳತುದಿ ಬಿಟ್ಟು ಮೇಲೇಳಲೇ ಇಲ್ಲ. ತೈವಾನಿನಲ್ಲಿ ಚೀನೀ ಭಾಷೆಯ ಕಾರ್ಯಕ್ರಮಗಳಿಗೂ ಚೀನೀ ಅಡಿಬರಹ ಇರುತ್ತದೆ. ಓದುತ್ತಾ ನೋಡುವುದು ಇಲ್ಲಿಯವರಿಗೆ ಹುಟ್ಟಿನಿಂದ ಬಂದ ಚಾಳಿ. ಅಡಿಬರಹದ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿದೆ. ಹತ್ತು ನಿಮಿಷದಲ್ಲಿ ಅವರು ಚಹಾ ಮಾಡಲು ಎದ್ದು ಹೋದರು. ಈ ವಿಧಾನದ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ.

ಎರಡನೆಯದು ನಿಧಾನಗತಿಯ ಸುದ್ದಿ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ಬಗೆ ಅದು. ಸುಮಾರು 1500 ಪದಗಳೊಳಗೆ, ಒಂದೊಂದೇ ಪದವನ್ನು ಬಿಡಿಸಿಟ್ಟು ಓದುತ್ತಾರೆ. ಹೊಸಬರಿಗೆ ಇದು ಧೈರ್ಯ ಕೊಡುತ್ತದೆ. ಆದರೆ ಎಂಜಿನಿಯರ್ ಎಡವುವ ಜಾಗವೇ ಬೇರೆ. ಪದಗಳು ಒಂದಕ್ಕೊಂದು ಅಂಟಿಕೊಂಡಾಗ ಅವರಿಗೆ ತೊಂದರೆ. ಬಿಡಿಸಿಟ್ಟ ಓದಿನಲ್ಲಿ ಆ ಅಂಟೇ ಇರುವುದಿಲ್ಲ.

ಹೀಗಾಗಿ ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಒಂದು ‘ಗೆನ್‌ದು’, ಧ್ವನಿಯ ಬೆನ್ನಿಗೇ ನೆರಳಿನಂತೆ ಹೇಳುತ್ತಾ ಹೋಗುವುದು. ನಾನು ಅದಕ್ಕೆ ಗಿಳಿಪಾಠ ಎಂದು ಹೆಸರಿಟ್ಟೆ. ಇನ್ನೊಂದು ‘ಟಿಂಗ್‌ಶ್ಯೆ’, ಕೇಳಿ ಬರೆಯುವುದು, ಅಂದರೆ ನಮ್ಮ ಪ್ರಾಥಮಿಕ ಶಾಲೆಯ ಉಕ್ತಲೇಖನ. ಇಲ್ಲಿಯ ಮಕ್ಕಳೂ ಚೀನೀ ಅಕ್ಷರಗಳನ್ನು ಹೀಗೇ ಬರೆದು ಬೆಳೆದವರು. ಹಾಗಾಗಿ ಕಲಿಸುವ ಶ್ರಮವೇನೂ ಬೀಳಲಿಲ್ಲ.

ಎಂಜಿನಿಯರ್ ಆರು ವಾರ ಗಿಳಿಪಾಠ ಮಾಡಿದರು. ದಿನಕ್ಕೆ ಹತ್ತು ನಿಮಿಷ. ಮಾತಿಗೆ ಒಂದು ಲಯ ಬಂತು, ಅಂಜಿಕೆ ಕಡಿಮೆಯಾಯಿತು. ಅವರ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದು ಮತ್ತೆ ಕೇಳಿದಾಗ ಗುಟ್ಟು ರಟ್ಟಾಯಿತು. ಮೂಲದಲ್ಲಿ ‘ದೇ ಶಿಪ್ಟ್ ಇಟ್ ಲಾಸ್ಟ್ ವೀಕ್’ ಎಂದಿದೆ, ಇವರು ಆರು ವಾರವೂ ‘ದೇ ಶಿಪ್ ಇಟ್ ಲಾಸ್ಟ್ ವೀಕ್’ ಎನ್ನುತ್ತಲೇ ಬಂದಿದ್ದಾರೆ. ಗಿಳಿ ತನಗೆ ಕೇಳಿಸಿದ್ದನ್ನಷ್ಟೇ ಒಪ್ಪಿಸುತ್ತದೆ. ಕೇಳಿಸದೇ ಹೋದದ್ದು ಬಾಯಲ್ಲೂ ಇಲ್ಲ, ಹೋಯಿತೆಂದು ಗೊತ್ತಾಗುವುದೂ ಇಲ್ಲ.

ಇದಕ್ಕೆ ಕಾರಣ ಅವರ ಕಿವಿಯ ಮಾಂದ್ಯವಲ್ಲ. ಮ್ಯಾಂಡರಿನ್ ಭಾಷೆಯ ಉಚ್ಚಾರಾಂಶ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ‘ನ್’ ಅಥವಾ ‘ಙ್’ ಧ್ವನಿಯಲ್ಲಿ. ಬೀಜಿಂಗ್ ಕಡೆ ನಾಲಗೆ ಮಡಿಸಿ ‘ರ್’ ಎನ್ನುವುದೂ ಉಂಟು. ‘ಪ್’, ‘ಟ್’, ‘ಕ್’ ಕೊನೆಯಲ್ಲಿ ಬರುವುದೇ ಇಲ್ಲ. ಕನ್ನಡಿಗರಾದ ನಮ್ಮದೂ ಇಂಥದೇ ಕಥೆ, ಆದರೆ ಪರಿಹಾರ ಬೇರೆ. ನಾವು ಬಸ್ಸನ್ನು ‘ಬಸ್ಸು’, ಕಾರನ್ನು ‘ಕಾರು’ ಎಂದು ಬಾಲ ಜೋಡಿಸಿಕೊಳ್ಳುತ್ತೇವೆ. ಅವರು ಬಾಲವನ್ನೇ ಕತ್ತರಿಸುತ್ತಾರೆ. ಇಂಗ್ಲಿಷಿನ ಭೂತಕಾಲ, ಬಹುವಚನ ಎಲ್ಲ ಆ ಬಾಲದಲ್ಲೇ ಇರುವುದು.

ಇನ್ನು ಉಕ್ತಲೇಖನ. ನಲವತ್ತು ಸೆಕೆಂಡಿನ ಒಂದು ಧ್ವನಿಮುದ್ರಣ. ಮೊದಲು ಪೂರ್ತಿ ಕೇಳುವುದು, ಆಮೇಲೆ ಒಂದೊಂದು ವಾಕ್ಯವನ್ನು ಮೂರು ಸಲದವರೆಗೆ ಕೇಳಿ ಬರೆಯುವುದು, ಕೊನೆಗೆ ಮೂಲದೊಂದಿಗೆ ತಾಳೆ ನೋಡುವುದು. ಇಷ್ಟಕ್ಕೆ ಇಪ್ಪತ್ತೈದು ನಿಮಿಷ ಬೇಕು. ಬೇಸರದ ಕೆಲಸವೇ, ಸುಳ್ಳು ಹೇಳುವುದಿಲ್ಲ. ಆದರೆ ತಪ್ಪು ಕಾಗದದ ಮೇಲೆ ಬಂದು ಕೂರುತ್ತದೆ. ಮೊದಲ ದಿನ ಎಂಜಿನಿಯರ್ ಬರೆದ ಹಾಳೆಯಲ್ಲಿ ಪದಗಳೆಲ್ಲ ಸರಿಯಾಗಿದ್ದವು. ಬಿಟ್ಟುಹೋದದ್ದು ಏಳು ಬಾಲಗಳು ಮತ್ತು ಮೂರು ‘ದ’ಗಳು. ಅವರು ಕೆಂಪು ಗುರುತುಗಳನ್ನು ಬಹಳ ಹೊತ್ತು ನೋಡಿ, “ಲಾವ್‌ಶಿ, ಇವೆಲ್ಲ ಅಲ್ಲಿ ಇದ್ದವೇ?” ಎಂದು ಕೇಳಿದರು. ಲಾವ್‌ಶಿ ಎಂದರೆ ಮೇಷ್ಟ್ರು. ಮತ್ತೆ ಹಾಕಿ ಕೇಳಿಸಿದೆ. ಆಗ ಕೇಳಿಸಿತು. ಇದ್ದ ಬಾಲ ಕಿವಿಗೆ ಬೀಳಬೇಕಾದರೆ ಅದು ಅಲ್ಲಿದೆ ಎಂದು ಮೊದಲು ಕಣ್ಣು ಹೇಳಬೇಕಿತ್ತು.

ಅವರು ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದವರು. 990 ಅಂಕದ ಆ ಪರೀಕ್ಷೆಯಲ್ಲಿ ಕೇಳುವ ಭಾಗಕ್ಕೆ 495. ಅದರಲ್ಲಿ 400 ದಾಟಿದ್ದರು. ಆದರೂ ಫೋನ್ ಸಭೆಯಲ್ಲಿ ತಲೆಯಾಡಿಸಿ, ಆಮೇಲೆ ಸಹೋದ್ಯೋಗಿಯನ್ನು ಕೇಳುವ ಸ್ಥಿತಿ. ಬಹುಆಯ್ಕೆಯ ಪ್ರಶ್ನೆಗೆ ಅರ್ಧ ಕೇಳಿದರೂ ಉತ್ತರ ಹೊಳೆಯುತ್ತದೆ. ಖಾಲಿ ಹಾಳೆ ಆ ಸೌಕರ್ಯ ಕೊಡುವುದಿಲ್ಲ.

ಒಂದು ಕಡೆ ಮಾತ್ರ ಗಿಳಿಪಾಠವೇ ಗೆದ್ದಿತು. ಅಮೆರಿಕದವರು ‘ಕ್ಯಾನ್’ ಮತ್ತು ‘ಕ್ಯಾಂಟ್’ ಅನ್ನುವಾಗ ಕೊನೆಯ ‘ಟ್’ ಎಷ್ಟೋ ಸಲ ಗಂಟಲಲ್ಲೇ ಉಳಿಯುತ್ತದೆ. ವ್ಯತ್ಯಾಸ ಒತ್ತಿನಲ್ಲಿದೆ. ‘ಕನ್’ ಎಂದು ಹಗುರಾಗಿ ದಾಟಿದರೆ ಆಗುತ್ತದೆ ಎಂದರ್ಥ, ‘ಕ್ಯಾನ್’ ಎಂದು ಒತ್ತಿ ಹೇಳಿದರೆ ಆಗುವುದಿಲ್ಲ ಎಂದರ್ಥ. ಇದನ್ನು ಬರೆದು ಕಲಿಯಲು ಸಾಧ್ಯವೇ ಇಲ್ಲ, ಬಾಯಿಗೇ ರೂಢಿಯಾಗಬೇಕು. ಗ್ರಾಹಕ ಆಗುವುದಿಲ್ಲ ಎಂದದ್ದನ್ನು ಆಗುತ್ತದೆ ಎಂದು ಕೇಳಿಸಿಕೊಂಡು ಒಮ್ಮೆ ಪೇಚಿಗೆ ಸಿಕ್ಕಿದ್ದ ಮನುಷ್ಯ ಇವರು. ಆ ಪಾಠವನ್ನು ಮಾತ್ರ ತಪ್ಪದೆ ಮಾಡಿದರು.

ಯಜಮಾನಿಗೆ ಉಕ್ತಲೇಖನ ಒಗ್ಗಲಿಲ್ಲ. ಬೆಳಿಗ್ಗೆ ಐದಕ್ಕೆ ಹಂಚು ಇಡುವವರಿಗೆ ಮಧ್ಯಾಹ್ನ ಪೆನ್ನು ಕೊಟ್ಟರೆ ನಿದ್ದೆ ಬರುತ್ತದೆ. ಅವರಿಗೆ ಬೇಕಿದ್ದದ್ದು ಮೂವತ್ತು ಮಾತು: ಬಿಸಿಯೋ ತಣ್ಣಗೋ, ಇಲ್ಲೇ ತಿನ್ನುತ್ತೀರೋ ಕಟ್ಟಿಕೊಡಲೋ, ಮೊಟ್ಟೆ ಬೇಡವೋ. ಕೊನೆಯದು ನನ್ನಿಂದಲೇ ಬಂದ ಬೇಡಿಕೆ. ಅವರ ಅಂಗಡಿಯ ‘ದಾನ್‌ಬಿಂಗ್’ ಎಂಬುದು ಮೊಟ್ಟೆ ಹಚ್ಚಿದ ದೋಸೆಯಂಥ ತಿಂಡಿ. ಮೊಟ್ಟೆಯಿಲ್ಲದ ದಾನ್‌ಬಿಂಗ್ ಕೇಳುವವರು ಭಾರತೀಯರು ಮಾತ್ರ ಎಂದು ಇವತ್ತಿಗೂ ನಗುತ್ತಾರೆ. ಹಿಟ್ಟು ಹುಯ್ಯುತ್ತಾ ಗಿಳಿಪಾಠ ಒಪ್ಪಿಸುತ್ತಿದ್ದರು. ಎರಡು ತಿಂಗಳಲ್ಲಿ ಕೆಲಸ ಮುಗಿಯಿತು. ವಿಚಿತ್ರವೆಂದರೆ ‘ಕಪ್’, ‘ಕಟ್’ ಪದಗಳ ತುದಿ ಅವರಿಗೆ ಎಂಜಿನಿಯರ್‌ಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಅವರ ಮನೆಮಾತು ತೈವಾನೀ ಹೊಕ್ಕಿಯೆನ್. ಅದರಲ್ಲಿ ‘ಪ್’, ‘ಟ್’, ‘ಕ್’ ತುದಿಗಳಿವೆ. ಅದೇ ಕಾರಣವೋ ಏನೋ.

ಮಗಳಿಗೆ ಉಕ್ತಲೇಖನವನ್ನು ನಾನೇ ಓದಿ ಹೇಳಲು ಹೋಗಿ ಒಮ್ಮೆ ಮುಖಭಂಗವಾಯಿತು. ತೋಳಿಲ್ಲದ ಅಂಗಿಯ ‘ವೆಸ್ಟ್’ ಎಂದೆ, ಅವಳು ಪಶ್ಚಿಮ ದಿಕ್ಕಿನ ‘ವೆಸ್ಟ್’ ಬರೆದಳು. ನನ್ನ ಬಾಯಲ್ಲಿ ಎರಡೂ ಒಂದೇ, ಕನ್ನಡದ ‘ವ’ಕಾರಕ್ಕೆ ಆ ಭೇದ ಗೊತ್ತಿಲ್ಲ. ತೈವಾನಿನ ಶಾಲೆಗಳಲ್ಲಿ ಅಮೆರಿಕದ ಉಚ್ಚಾರಕ್ಕಾಗಿ ಕೆಕೆ ಎಂಬ ಧ್ವನಿಚಿಹ್ನೆಗಳನ್ನು ಕಲಿಸುತ್ತಾರೆ. ಹುಡುಗಿ ಎರಡು ಚಿಹ್ನೆಗಳನ್ನು ಬರೆದು ತೋರಿಸಿ, ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಬೇಕೆಂದು ನನಗೇ ಪಾಠ ಹೇಳಿದಳು. ಅಂದಿನಿಂದ ಧ್ವನಿಮುದ್ರಣವನ್ನೇ ಬಳಸುತ್ತಿದ್ದೇನೆ.

ವ್ಯಾಕರಣದಲ್ಲಿ ಪೈಪೋಟಿ ಇಷ್ಟು ಬಿರುಸಿನದಲ್ಲ. ಮೊಬೈಲಿನ ಪ್ರಶ್ನೆಭಂಡಾರದಲ್ಲಿ ಹುಡುಗಿ ಇಪ್ಪತ್ತಕ್ಕೆ ಹದಿನೆಂಟು ತೆಗೆಯುತ್ತಿದ್ದಳು. ಅದೇ ಸಂಜೆ ಬರೆದ ದಿನಚರಿಯಲ್ಲಿ ‘ಯೆಸ್ಟರ್ಡೇ ಮೈ ಮದರ್ ಗೋ’ ಎಂದಿತ್ತು. ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಎಲ್ಲಿ ಎಚ್ಚರವಾಗಿರಬೇಕೆಂದು ತಾನೇ ಬೆರಳು ತೋರಿಸಿಬಿಡುತ್ತದೆ. ಖಾಲಿ ಹಾಳೆಯಲ್ಲಿ ಆ ಬೆರಳಿಲ್ಲ. ಚೀನೀಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ‘ನಿನ್ನೆ’ ಎಂದರೆ ಸಾಕು, ಕೆಲಸ ಮುಗಿಯಿತು.

ನಾವು ಕೊನೆಗೆ ನೆಚ್ಚಿಕೊಂಡದ್ದು ಸ್ವಂತ ತಪ್ಪುಗಳ ನೋಟ್‌ಬುಕ್ಕನ್ನು. ಎಂಜಿನಿಯರ್ ತಮ್ಮ ಹಳೆಯ ಇ-ಮೇಲ್‌ಗಳನ್ನು ತಂದರು. ಪುಟದ ಎಡಕ್ಕೆ ತಪ್ಪು ವಾಕ್ಯ, ಬಲಕ್ಕೆ ತಿದ್ದಿದ್ದು, ಕೆಳಗೆ ಅದೇ ಮಾದರಿಯ ಹೊಸ ವಾಕ್ಯ. ಇದರಲ್ಲಿ ಹೆಚ್ಚು ಕಾಡಿದ್ದು ‘ಐ ಹ್ಯಾವ್ ಫಿನಿಶ್ಡ್ ದ ರಿಪೋರ್ಟ್ ಯೆಸ್ಟರ್ಡೇ’. ಚೀನೀಯ ‘ಲ’ ಎಂಬ ಪುಟ್ಟ ಪ್ರತ್ಯಯ ಕೆಲಸ ಮುಗಿದದ್ದನ್ನು ಹೇಳುತ್ತದೆ. ಅದನ್ನು ಕಂಡಲ್ಲೆಲ್ಲ ಅವರು ‘ಹ್ಯಾವ್’ ಹಾಕುತ್ತಿದ್ದರು. ತಿದ್ದಲು ಕೈಗೆತ್ತಿಕೊಂಡ ನನಗೇ ಒಂದು ಕ್ಷಣ ವಾಕ್ಯದಲ್ಲಿ ತಪ್ಪು ಕಾಣಲಿಲ್ಲ. ‘ನಿನ್ನೆಯೇ ಮುಗಿಸಿದ್ದೇನೆ’ ಎಂದು ನಾವೂ ಹೇಳುವುದಿಲ್ಲವೇ? ಅವರ ಇನ್ನೊಂದು ತಪ್ಪು ಮಾತ್ರ ಕನ್ನಡಿಗರು ಜನ್ಮದಲ್ಲಿ ಮಾಡಲಾರದ್ದು. ಚೀನೀಯಲ್ಲಿ ಅವನು, ಅವಳು ಎರಡಕ್ಕೂ ‘ಟಾ’ ಎಂದೇ ಉಚ್ಚಾರ, ಬರಹದಲ್ಲಷ್ಟೇ ಬೇರೆ. ಮಾತಿನ ಭರದಲ್ಲಿ ಹೆಂಡತಿಯನ್ನು ‘ಹಿ’ ಎಂದು ಕರೆದು, ಹೆಂಡತಿಯ ಎದುರೇ ನಾಲಗೆ ಕಚ್ಚಿಕೊಂಡಿದ್ದಾರೆ.

ಇ-ಮೇಲ್ ತಿದ್ದಿಕೊಡುವ ಕೃತಕ ಬುದ್ಧಿಮತ್ತೆಯನ್ನೂ ಎರಡು ವಾರ ಪರೀಕ್ಷಿಸಿದೆವು. ಪತ್ರಗಳು ಚೊಕ್ಕವಾದವು, ನೋಟ್‌ಬುಕ್ ಖಾಲಿ ಉಳಿಯಿತು.

ಹುಡುಗಿಯ ಪರೀಕ್ಷೆಯಲ್ಲಿ ಎರಡು ಚೀನೀ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಬೇಕು, ಎರಡಕ್ಕೂ ಸೇರಿ ಎಂಟು ಅಂಕ. ಪ್ರಬಂಧಕ್ಕೆ ಇಪ್ಪತ್ತು. (ಕೇಳುವ ಪರೀಕ್ಷೆ ಬೇರೆಯೇ ಇದೆ, ಅದಕ್ಕೆ ಅಂಕವಲ್ಲ, ಶ್ರೇಣಿ.) ಎಂಟೇ ಅಂಕ ಎಂದು ಸದರ ಮಾಡುವಂತಿಲ್ಲ. ಚೀನಾದ ಕಾಲೇಜುಗಳ ನಾಲ್ಕನೇ ಮಟ್ಟದ ಇಂಗ್ಲಿಷ್ ಪರೀಕ್ಷೆಯಲ್ಲಂತೂ 2013ರ ಡಿಸೆಂಬರ್‌ನಿಂದ ಇಡೀ ಪ್ಯಾರಾವನ್ನೇ ಅನುವಾದಕ್ಕೆ ಕೊಡುತ್ತಾರೆ, ಅದಕ್ಕೆ ನೂರಕ್ಕೆ ಹದಿನೈದರ ಪಾಲು.

ಅವಳ ಅಭ್ಯಾಸ ನೇರದ್ದು: ಹಳೆಯ ಪ್ರಶ್ನೆಪತ್ರಿಕೆ, ವಾಕ್ಯ, ಉತ್ತರ, ಮಾದರಿ ಉತ್ತರ. ಇದರಿಂದ ದೊಡ್ಡ ತಪ್ಪುಗಳು ಹೋದವು. ‘ಆಲ್ದೋ’ ಹಾಕಿದ ಮೇಲೆ ‘ಬಟ್’ ಹಾಕಬಾರದು ಎಂಬುದು ಅಂಥದು. ಚೀನೀಯಲ್ಲಿ ‘ಸುಯಿರಾನ್’ ಬಂದರೆ ‘ದಾನ್‌ಶಿ’ ಹಿಂದೆಯೇ ಬರುತ್ತದೆ, ಎತ್ತುಗಳ ಜೋಡಿಯ ಹಾಗೆ. ವಾಕ್ಯದ ಕಟ್ಟು ಮಾತ್ರ ಬಗ್ಗಲಿಲ್ಲ. ಅವಳಿಗೆ ಸಿಕ್ಕ ಒಂದು ವಾಕ್ಯವನ್ನು ಕನ್ನಡದಲ್ಲಿ ಇಡುತ್ತೇನೆ: ‘ನಾನು ನಿನ್ನೆ ರಾತ್ರಿ ಸಂತೆಯಲ್ಲಿ ಕೊಂಡ ಆ ಕೋಟು ತೀರಾ ಚಿಕ್ಕದು.’ ಚೀನೀ ವಾಕ್ಯವೂ ಬಹುಮಟ್ಟಿಗೆ ಇದೇ ಸಾಲಿನಲ್ಲಿ ನಡೆಯುತ್ತದೆ. ನಮ್ಮ ‘ಕೊಂಡ’ ಇರುವಲ್ಲಿ ಅವರ ‘ಮಾಯ್ ದ’, ಕೋಟು ಅದರ ಬೆನ್ನಿಗೆ. ಇಂಗ್ಲಿಷಿನಲ್ಲಿ ಮಾತ್ರ ಕೋಟು ಮೊದಲು ಬಂದು ನಿಲ್ಲಬೇಕು, ಕೊಂಡ ಕಥೆ ಆಮೇಲೆ. ಮೈಸೂರಿನ ಶಾಲೆಯಲ್ಲಿ ಇದೇ ಜಾಗದಲ್ಲಿ ನಾನೂ ಮುಗ್ಗರಿಸಿದ್ದು ನೆನಪಾಯಿತು.

ಆಗ ಮರುಅನುವಾದ ತಂದೆ. ಒಳ್ಳೆಯ ಇಂಗ್ಲಿಷ್ ಪ್ಯಾರಾ ಒಂದನ್ನು ಅವಳು ಚೀನೀಗೆ ತಿರುಗಿಸಿ, ಮೂಲವನ್ನು ನನಗೆ ಒಪ್ಪಿಸಬೇಕು. ಮೂರು ದಿನದ ಮೇಲೆ ತನ್ನದೇ ಚೀನೀಯಿಂದ ಮತ್ತೆ ಇಂಗ್ಲಿಷಿಗೆ ತರಬೇಕು. ನಂತರ ಎರಡು ಇಂಗ್ಲಿಷನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಹೋಗುವಾಗ ಚೀನೀಯ ಜರಡಿಯಲ್ಲಿ ಸೋರಿಹೋದ ‘ಎ’, ‘ದ’, ಬಹುವಚನ, ಕಾಲ ಎಲ್ಲವೂ ಬರುವಾಗ ಇಲ್ಲವಾಗಿರುತ್ತವೆ. ಮಾದರಿ ಉತ್ತರ ನೋಡಿದಾಗ ‘ಇದು ಅವರ ಶೈಲಿ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದವಳಿಗೆ ಇಲ್ಲಿ ನೆಪ ಸಿಗಲಿಲ್ಲ. ಮೂಲವನ್ನು ಅವಳೇ ಓದಿ ಅರ್ಥ ಮಾಡಿಕೊಂಡದ್ದಲ್ಲವೇ. ಸಮಯ ದುಪ್ಪಟ್ಟು ಬೇಕು, ಪರೀಕ್ಷೆಗೆ ತಿಂಗಳಷ್ಟೇ ಉಳಿದಿದ್ದರೆ ನೇರ ಅಭ್ಯಾಸವೇ ಸರಿ.

ಕೇಳುವುದೂ ಅನುವಾದವೂ ಒಟ್ಟಿಗೆ ಬೀಳುವ ಜಾಗವೊಂದಿದೆ, ಸಂಖ್ಯೆ. ಚೀನೀಯಲ್ಲಿ ಎಣಿಕೆ ಹತ್ತು ಸಾವಿರದ ‘ವಾನ್’ ಮೇಲೆ ನಿಂತಿದೆ, ಅದರ ಮೇಲೆ ‘ಯಿ’, ಅಂದರೆ ನಮ್ಮ ಹತ್ತು ಕೋಟಿ. ಒಂದು ದಿನ ಸಂಖ್ಯೆಗಳ ಧ್ವನಿಮುದ್ರಣ ಹಾಕಿಕೊಂಡು ನಾನೂ ಎಂಜಿನಿಯರ್ ಇಬ್ಬರೂ ಬರೆಯಲು ಕುಳಿತೆವು. ‘ತ್ರೀ ಹಂಡ್ರೆಡ್ ಅಂಡ್ ಸೆವೆಂಟಿ ಥೌಸಂಡ್’ ಎಂದಿತು. ಅವರು ಗಾಳಿಯಲ್ಲಿ ಸೊನ್ನೆ ಎಣಿಸಿ 37 ವಾನ್ ಎಂದರು, ನಾನು ಬೆರಳು ಮಡಿಸಿ 3 ಲಕ್ಷ 70 ಸಾವಿರ ಎಂದೆ. ಅಷ್ಟರಲ್ಲಿ ಯಂತ್ರ ಮುಂದಿನ ಎರಡು ಸಂಖ್ಯೆ ಹೇಳಿ ಮುಗಿಸಿತ್ತು. ‘ಒನ್ ಪಾಯಿಂಟ್ ಫೋರ್ ಬಿಲಿಯನ್’ ಬಂದಾಗ ಇಬ್ಬರೂ ಪೆನ್ನು ಕೆಳಗಿಟ್ಟೆವು. ಅವರಿಗೆ ಅದು 14 ಯಿ, ನನಗೆ 140 ಕೋಟಿ. ಆಮೇಲೆ ಮೂರು ಕಾಲಂನ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆವು. ದಿನಕ್ಕೆ ಐದು ನಿಮಿಷದ ಈ ಸಂಖ್ಯಾಲೇಖನ, ಹಾಕಿದ ಹೊತ್ತಿಗೆ ಸಿಕ್ಕಿದ ಫಲದ ಲೆಕ್ಕದಲ್ಲಿ, ನಾನು ಮಾಡಿಸಿದ್ದರಲ್ಲೆಲ್ಲ ಅಗ್ಗದ್ದು.

ಕಳೆದ ವಾರ ಮನೆಯ ಮಾಲೀಕರಿಗೆ ನಲ್ಲಿ ಸೋರುವ ವಿಷಯವಾಗಿ ಚೀನೀಯಲ್ಲಿ ಪತ್ರ ಬರೆದು ಎಂಜಿನಿಯರ್ ಕೈಗೆ ಕೊಟ್ಟೆ. ಕನ್ನಡದ ಕಿವಿಗೆ ಭೂತಕಾಲದ ಗುರುತಿಲ್ಲದ ಕ್ರಿಯಾಪದ ಬೋಳು ಬೋಳು. ಹಾಗಾಗಿ ಒಂಬತ್ತು ಕ್ರಿಯಾಪದಗಳಿಗೂ ‘ಲ’ ಹಚ್ಚಿದ್ದೆ. ಅವರು ನನ್ನದೇ ಕೆಂಪು ಪೆನ್ನು ಕೇಳಿ ಇಸಿದುಕೊಂಡು, ಒಂದೊಂದಾಗಿ ಏಳು ‘ಲ’ಗಳ ಮೇಲೆ ಗೆರೆ ಎಳೆದರು. “ಲಾವ್‌ಶಿ, ಇವು ಇಲ್ಲಿ ಇರಲಿಲ್ಲ,” ಎಂದರು.